ಹುಣಸೆಹಣ್ಣಿನಲ್ಲಿ ತಿಕ್ಕಿದ ಬಂದೂಕು

ನನ್ನ ಬೀರುವಿನ ಎಡಭಾಗದಲ್ಲಿ ಸೀರೆಗಳಿವೆ, ಬಲಭಾಗದಲ್ಲಿ ಬಂದೂಕುಗಳಿವೆ. ಇದನ್ನು ಹೇಳಿದರೆ ತ್ಯಾಗರಾಜನಗರದಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಒಳ್ಳೆಯದೇ, ನಾನೂ ಡಂಗುರ ಸಾರಿಕೊಂಡು ಓಡಾಡಿಲ್ಲ. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಮದುವೆಯಾಗಲಿಲ್ಲ. ಮಂಡಿನೋವಿಗೆ ಎಣ್ಣೆ ಬಿಸಿಮಾಡಿ ಹಚ್ಚಿಕೊಳ್ಳುವ ಇಂಥ ಹೆಂಗಸಿನ ಮನೆಯಲ್ಲಿ ಸೈನ್ಯದವರು ಬಳಸಿ ಬಿಟ್ಟ ಹಳೇ ರೈಫಲ್ಲುಗಳಿರಬಹುದು ಎಂದು ಯಾರಿಗಾದರೂ ಯಾಕೆ ಹೊಳೆಯಬೇಕು?

ಕೆಲವು ವರ್ಷಗಳ ಹಿಂದಿನವರೆಗೆ ಮೂರಿದ್ದವು. ಆಮೇಲೆ ಕಾನೂನು ಬದಲಾಯಿತು. ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇರಕೂಡದು, ಹೆಚ್ಚಿದ್ದವರು ಒಂದನ್ನು ಬಿಟ್ಟುಕೊಡಬೇಕು ಎಂದರು. ಠಾಣೆಗೆ ಕರೆದು, ಮರ್ಯಾದೆಯಿಂದ ಕುರ್ಚಿ ಕೊಟ್ಟು, ವಿಷಯ ತಿಳಿಸಿದರು. ಅಲ್ಲಿನ ರೈಟರ್ ನನ್ನ ಪರವಾನಗಿ ಪುಸ್ತಕ ತಿರುವಿಹಾಕಿ ಮೂರರಲ್ಲಿ ಕೆಟ್ಟುಹೋಗಿರುವುದು ಯಾವುದಾದರೂ ಇದೆಯೇ ಎಂದು ಕೇಳಿದ. ಇದೆ ಎಂದೆ. ಹಾಗಾದರೆ ತಲೆಬಿಸಿಯೇ ಇಲ್ಲವಲ್ಲ ಎಂದು ನಕ್ಕ. ನನಗೆ ನಗು ಬರಲಿಲ್ಲ. ಮನೆಗೆ ಬಂದು ಬೀರು ತೆರೆದು ಅದರ ಮುಂದೆ ನೆಲದ ಮೇಲೆ ಕೂತೆ. ಯಾವುದನ್ನು ಕೊಡುವುದು? ಕಷ್ಟವಾದ ಲೆಕ್ಕಗಳನ್ನೆಲ್ಲ ಬೋರ್ಡಿನ ಮೇಲೆ ಬಿಡಿಸಿದವಳಿಗೆ ಮೂರರಲ್ಲಿ ಒಂದನ್ನು ಕಳೆಯುವುದು ತಿಂಗಳುಗಟ್ಟಲೆ ಬರಲಿಲ್ಲ.

ಮೊದಲನೆಯದರ ಹೆಸರು ಹದಿನೇಳು. ನಾನಿಟ್ಟ ಹೆಸರಲ್ಲ. ಯಾವುದೋ ಪಡೆಯ ಉಗ್ರಾಣದಲ್ಲಿ ಅದರ ಸಾಲಿನ ಸಂಖ್ಯೆ ಅದಿರಬೇಕು, ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗದಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಗುಂಡು ಹಾರಿಸುವುದನ್ನು ಕಲಿತಿದ್ದೆ. ಕಲಿತದ್ದು ಕೈಗೆ ಅಂಟಿಕೊಂಡುಬಿಟ್ಟಿತು. ಕೆಲಸ ಸಿಕ್ಕಿ, ಪರವಾನಗಿಗೆ ಎರಡು ವರ್ಷ ಅಲೆದು, ಮೂವತ್ತು ತುಂಬುವ ಹೊತ್ತಿಗೆ ಇದನ್ನು ಕೊಂಡೆ. ಸೈನ್ಯದ ತ್ರೀ ನಾಟ್ ತ್ರೀ ತೋಟಾ ಹಾರಿಸುವ ಬಂದೂಕು ನಮ್ಮಂಥವರಿಗೆ ನಿಷಿದ್ಧ. ಹಾಗಾಗಿ ಅದರ ನಳಿಗೆ ಬದಲಿಸಿ, ಸಾಮಾನ್ಯರು ಇಟ್ಟುಕೊಳ್ಳಬಹುದಾದ ಅಳತೆಗೆ ತಂದು ಮಾರುತ್ತಿದ್ದರು. ಮರ ಹಳೆಯದೇ, ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ಹಳೆಯದೇ, ಹಿಂಬದಿಯ ಹಿತ್ತಾಳೆ ತಟ್ಟೆಯೂ ಹಳೆಯದೇ.

ಹೊಸ ಬಂದೂಕು ಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಹಳೆಯದರಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಹದಿನೇಳರ ಮರದಲ್ಲಿ ಕೆನ್ನೆ ಒರಗುವ ಜಾಗ ನುಣ್ಣಗೆ ಸವೆದಿತ್ತು. ಯಾರ ಕೆನ್ನೆಯೋ ಏನೋ, ವರ್ಷಗಟ್ಟಲೆ ಅಲ್ಲಿ ಒರಗಿತ್ತು. ಬೆರಳು ಹಿಡಿಯುವಲ್ಲಿ ಚಾಕುವಿನಿಂದ ಕೊರೆದ ನಾಲ್ಕು ಗೀರುಗಳಿದ್ದವು. ಏನನ್ನು ಎಣಿಸಿದನೋ? ಊರಿಗೆ ಹೋಗಲು ಉಳಿದ ದಿನಗಳನ್ನೇ ಎಣಿಸಿರಲಿ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಬೇಡವೆಂದು ಹೊರಗೆ ಹಾಕಿದ ಮೇಲೂ ಕೆಲಸಕ್ಕೆ ಬರುವ ವಸ್ತುಗಳ ಮೇಲೆ ನನಗೆ ಪಕ್ಷಪಾತವಿದೆ. ಅದಕ್ಕೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮನಿಗೆ ಇದು ಒಂದಿಷ್ಟೂ ಸೇರುತ್ತಿರಲಿಲ್ಲ. ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಮಡಿ, ಮೈಲಿಗೆ, ಏಕಾದಶಿ ಎಲ್ಲ ಇದ್ದ ಮನೆಗೆ ನಾನು ಉಪ್ಪಾರಪೇಟೆಯಿಂದ ಆಟೋದಲ್ಲಿ ಬಂದೂಕು ತಂದಾಗ ಅವಳು ಬಾಗಿಲಲ್ಲಿ ನಿಂತು ನನ್ನನ್ನೂ ಅದನ್ನೂ ಒಂದೇ ಸಲ ನೋಡಿದಳು. ಗಂಡು ಹುಡುಕುವ ವಯಸ್ಸಿನಲ್ಲಿ ಕೋವಿ ಹುಡುಕಿಕೊಂಡು ಬಂದಿದ್ದೀಯಲ್ಲ, ನಿನ್ನ ತಲೆ ನೆಟ್ಟಗಿದೆಯೇನೇ ಎಂದು ಕೇಳಿದಳು. ಅದು ನಡುಮನೆ, ನನ್ನ ಕೋಣೆ ಬಿಟ್ಟು ಒಳಗೆ ಬರಬಾರದು, ಅಡುಗೆಮನೆ ಕಡೆಗೆ ಅದರ ಬಾಯಿ ತಿರುಗಿಸಬಾರದು, ಅದನ್ನು ಮುಟ್ಟಿದರೆ ಕೈಕಾಲು ತೊಳೆದುಕೊಂಡೇ ಊಟಕ್ಕೆ ಕೂರಬೇಕು ಎಂದು ಮೂರು ಕಟ್ಟಳೆ ಮಾಡಿದಳು. ಮೂರನ್ನೂ ಕೊನೆಯವರೆಗೆ ಪಾಲಿಸಿದೆ.

ಒಂದು ಸಂಬಂಧ ಕೂಡಿಬರುವಂತಿತ್ತು. ಅಮ್ಮ ಎಷ್ಟು ಮುಂದೆ ಹೋಗಿದ್ದಳೆಂದರೆ ಸುಲ್ತಾನ್‌ಪೇಟೆಗೆ ಹೋಗಿ ಲಗ್ನಪತ್ರಿಕೆಯ ಮಾದರಿಗಳನ್ನೇ ತಂದಿಟ್ಟುಕೊಂಡಿದ್ದಳು. ಗಂಡಿನ ಕಡೆಯವರು ಎರಡನೇ ಸಲ ಬಂದರು. ಹುಡುಗನ ಸೋದರತ್ತೆ ಬಚ್ಚಲಿಗೆ ಹೋಗುವವರು ದಾರಿ ತಪ್ಪಿ ನನ್ನ ಕೋಣೆಗೆ ಹೋದರು. ಅಲ್ಲಿ ಎಣ್ಣೆ ಹಾಕಲೆಂದು ಬಿಚ್ಚಿಟ್ಟ ಹದಿನೇಳು ಮಂಚದ ಮೇಲೆ ಅಂಗಾತ ಮಲಗಿತ್ತು. ಅವರು ಚೀರಲಿಲ್ಲ, ಪಾಪ. ಹೊರಗೆ ಬಂದು ತಣ್ಣಗೆ ಕೂತು, ಕೇಸರಿಬಾತಿನ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ಪತ್ರ ಬರೆಯುತ್ತೇವೆ ಎಂದರು. ಆ ಪತ್ರ ಇನ್ನೂ ಬರಬೇಕು.

ಲಗ್ನಪತ್ರಿಕೆಯ ಮಾದರಿಗಳು ಮಾತ್ರ ಉಪಯೋಗಕ್ಕೆ ಬಂದವು. ಅವುಗಳ ಹಿಂಬದಿ ಖಾಲಿ, ಕಾಗದ ದಪ್ಪ. ಅಲ್ಲಿ ಇಂಡಿಯನ್ ಇಂಕಿನಲ್ಲಿ ಒಂದು ಕಪ್ಪು ಚುಕ್ಕೆ ಇಟ್ಟು, ನಡುಮನೆಯ ಗೋಡೆಗೆ ಅಂಟಿಸಿ, ತೋಟಾ ಇಲ್ಲದೆ ಗುರಿ ಹಿಡಿಯುವ ಅಭ್ಯಾಸ ಮಾಡುತ್ತಿದ್ದೆ. ದಿನಕ್ಕೆ ಅರ್ಧ ಗಂಟೆ. ಉಸಿರು ಬಿಡುವುದು, ಅರ್ಧಕ್ಕೆ ನಿಲ್ಲಿಸುವುದು, ಬೆರಳು ಒತ್ತುವುದು, ಟಕ್. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಬಾಗಿಲ ಬಳಿ ಕೂತಿರುತ್ತಿದ್ದಳು. ನನ್ನ ಲಗ್ನಪತ್ರಿಕೆಗೆ ನಾನೇ ಗುರಿಯಿಡುವುದನ್ನು ಅವಳು ಎಷ್ಟು ವರ್ಷ ನೋಡಿದಳು ಎಂದು ಈಗ ಲೆಕ್ಕ ಹಾಕುತ್ತೇನೆ. ಆಗ ಹಾಕಿರಲಿಲ್ಲ.

ತಿಂಗಳಿಗೆ ಎರಡು ಭಾನುವಾರ ಊರ ಹೊರಗಿನ ರೈಫಲ್ ಕ್ಲಬ್ಬಿನ ರೇಂಜಿಗೆ ಹೋಗುತ್ತಿದ್ದೆ. ಗುರಿಹಲಗೆಗಳ ಹಿಂದೆ ಗುಂಡು ತಡೆಯಲು ಅಲ್ಲೊಂದು ಮಣ್ಣುಗುಡ್ಡ ಹಾಕಿದ್ದರು. ಉದ್ದನೆಯ ಕಪ್ಪು ಚೀಲ ನೋಡಿ ಆಟೋದವರು ತಂಬೂರಿಯಾ ಮೇಡಂ ಎಂದು ಕೇಳುತ್ತಿದ್ದರು. ಬಸವನಗುಡಿ ಕಡೆಯಲ್ಲಿ ಅದಕ್ಕಿಂತ ಬೇರೆ ಏನು ತೋಚೀತು? ಹೌದಪ್ಪ, ಶ್ರುತಿ ಮಾಡಿಸಲು ಹೊರಟಿದ್ದೇನೆ ಎನ್ನುತ್ತಿದ್ದೆ. ಮಧ್ಯಾಹ್ನ ಮನೆಗೆ ಬಂದರೆ ಅಮ್ಮ ತಟ್ಟೆ ಹಾಕುತ್ತ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಇವತ್ತೂ ಎಲ್ಲ ಗುಂಡು ಮಣ್ಣುಗುಡ್ಡಕ್ಕೇ ಹೋಯಿತಾ? ನಾನು ಹತ್ತರಲ್ಲಿ ಎಷ್ಟು ಗುರಿಹಲಗೆಯ ನಡುವಿನ ಕರಿಯೊಳಗೆ ಬಿತ್ತು ಎಂದು ಹೇಳುತ್ತಿದ್ದೆ. ಅದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಹೋದ ಸಲಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ನೆನಪಿಟ್ಟುಕೊಂಡಿರುತ್ತಿದ್ದಳು. ಕಡಿಮೆಯಾಗಿದ್ದರೆ ಸಾರಿಗೆ ಇನ್ನೊಂದು ಚಮಚ ತುಪ್ಪ ಬೀಳುತ್ತಿತ್ತು.

ಇನ್ನು ಆಯುಧ ಪೂಜೆಯ ವಿಷಯ. ಆ ದಿನ ನಮ್ಮ ಮನೆಯಲ್ಲಿ ಪೂಜೆಯಿಲ್ಲದ ಕಬ್ಬಿಣ ಇರುತ್ತಿರಲಿಲ್ಲ. ಹೊಲಿಗೆ ಮಿಷನ್ನಿಗೆ ಪೂಜೆ, ಈಳಿಗೆಮಣೆಗೆ ಪೂಜೆ, ಸುತ್ತಿಗೆಗೆ, ಕತ್ತರಿಗೆ, ನನ್ನ ಸ್ಕೂಟರಿಗೆ, ನನ್ನ ಜಾಮಿಟ್ರಿ ಪೆಟ್ಟಿಗೆಯ ಕೈವಾರಕ್ಕೂ ಪೂಜೆ. ಮನೆಯಲ್ಲಿದ್ದ ಒಂದೇ ಒಂದು ನಿಜವಾದ ಆಯುಧಕ್ಕೆ ಮಾತ್ರ ಇಲ್ಲ. ಇಪ್ಪತ್ತು ವರ್ಷ ಇದನ್ನು ನೋಡಿ, ಒಂದು ವರ್ಷ ನಾನು ಗೊಣಗಿದೆ. ತರಕಾರಿ ಹೆಚ್ಚುವ ಮಣೆಗೂ ಕುಂಕುಮ ಸಿಗುತ್ತದೆ, ನನ್ನ ಹದಿನೇಳು ಮಾಡಿದ ಪಾಪವೇನು ಎಂದೆ. ಸುಮ್ಮನೆ ಅಂದದ್ದು. ಅಮ್ಮ ಕುಂಕುಮದ ಬಟ್ಟಲು ಹಿಡಿದು ಸ್ಕೂಟರಿನ ಕಡೆ ಹೋದಳು. ನಾನೂ ಮರೆತೆ.

ಮರುವರ್ಷ ದಸರಾ ರಜೆಯಲ್ಲಿ ಶಾಲೆಯಿಂದ ಮಕ್ಕಳ ಪ್ರವಾಸ. ಹೆಣ್ಣುಮಕ್ಕಳ ಜೊತೆಗೆ ಒಬ್ಬ ಟೀಚರ್ ಬೇಕು. ಗಂಡ ಮಕ್ಕಳಿಲ್ಲದವಳು ಎಂದರೆ ಎಲ್ಲರ ಕಣ್ಣೂ ನನ್ನ ಮೇಲೆಯೇ. ಹತ್ತು ದಿನ ತಿರುಗಿ, ವಾಂತಿ ಮಾಡಿಕೊಂಡವರನ್ನೆಲ್ಲ ಸಂಭಾಳಿಸಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದೆ. ಬಾಗಿಲಿಗೆ ಬಂದ ಅಮ್ಮನ ಮುಖದಲ್ಲಿ ಏನೋ ಬಚ್ಚಿಟ್ಟುಕೊಂಡ ಸಂತೋಷವಿತ್ತು. ಕಾಫಿ ಕುಡಿ, ಆಮೇಲೆ ನಿನ್ನ ಕೋಣೆಗೆ ಹೋಗು ಎಂದಳು. ನಾನು ಕಾಫಿಗೆ ಕಾಯದೆ ಹೋದೆ.

ಹದಿನೇಳು ಗೋಡೆಗೆ ಒರಗಿ ಒಂದು ಮಣೆಯ ಮೇಲೆ ನಿಂತಿತ್ತು. ಮಣೆಯ ಸುತ್ತ ರಂಗೋಲಿ. ಹಿಂಬದಿಯ ಹಿತ್ತಾಳೆ ತಟ್ಟೆ ದೇವರ ಮನೆಯ ದೀಪದ ಹಾಗೆ ಥಳಥಳಿಸುತ್ತಿತ್ತು. ಅಷ್ಟು ಹೊಳೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಿತ್ತಾಳೆ ಕಂಡರೆ ನಮ್ಮಲ್ಲಿ ಕೈಗೆ ಬರುವುದು ಒಂದೇ, ಹುಣಸೆಹಣ್ಣು. ಹಬ್ಬದ ಹಿಂದಿನ ದಿನ ದೀಪ, ಗಂಟೆ, ಪಂಚಪಾತ್ರೆ ತಿಕ್ಕುವಾಗ ಇದನ್ನೂ ಸಾಲಿನಲ್ಲಿ ಕೂರಿಸಿ ತಿಕ್ಕಿದ್ದಳು. ಹಿತ್ತಾಳೆ ಹೊಳೆದದ್ದು ನೋಡಿ ಹುರುಪು ಬಂದಿರಬೇಕು, ಉಳಿದ ಕಬ್ಬಿಣವನ್ನೂ ತಿಕ್ಕಿದ್ದಳು. ನಳಿಗೆಯೊಳಗೂ ಧೂಳಿರುತ್ತದಲ್ಲ ಎಂದು ಹುಣಸೆಹುಳಿಯ ನೀರನ್ನೇ ಚೊಂಬಿನಿಂದ ಹೊಯ್ದು, ಆಮೇಲೆ ಒಳ್ಳೆಯ ನೀರು ಹೊಯ್ದು ಜಾಲಾಡಿದ್ದಳು. ಅರಿಸಿನ, ಕುಂಕುಮ, ಗಂಧ. ನಳಿಗೆಯ ಬಾಯಿಗೆ ತೊಟ್ಟು ಸಮೇತ ಒಂದು ಹಳದಿ ಸೇವಂತಿಗೆ. ಆ ಹೂವು ಎಂಟು ದಿನ ಅಲ್ಲೇ ಒಣಗಿತ್ತು. ನೀನು ಬಂದು ನೋಡಲಿ ಅಂತ ತೆಗೀಲಿಲ್ಲ ಎಂದಳು.

ಹೂವು ಕಿತ್ತು, ಬೋಲ್ಟ್ ತೆಗೆದು, ಕಿಟಕಿಯ ಬೆಳಕಿಗೆ ನಳಿಗೆ ಹಿಡಿದು ನೋಡಿದೆ. ಒಳಗೆ ಕನ್ನಡಿಯಂತೆ ಸುರುಳಿ ಸುತ್ತಿಕೊಂಡು ಹೋಗುವ ಗೀರುಗಳಿರಬೇಕು, ಗುಂಡನ್ನು ತಿರುಗಿಸಿ ನೇರ ಕಳಿಸುವುದು ಅವೇ. ಅಲ್ಲಿ ಕೆಂಪು ತುಕ್ಕು ಬಿಟ್ಟರೆ ಬೇರೇನೂ ಕಾಣಲಿಲ್ಲ.

ನಾನು ಏನೇನಂದೆ ಎಂಬುದೆಲ್ಲ ಬರೆಯುವುದಿಲ್ಲ. ಒಂದನ್ನು ಬರೆಯಲೇಬೇಕು. "ಇಪ್ಪತ್ತು ವರ್ಷ ಮೈಲಿಗೆ ಮೈಲಿಗೆ ಅಂದ್ಯಲ್ಲ, ಈಗ್ಯಾಕೆ ಮುಟ್ಟಿದೆ? ನಂದು ಅಂತ ಇದ್ದಿದ್ದು ಇದೊಂದೇ. ಅದನ್ನೂ ಹಾಳು ಮಾಡಿದೆ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಕೈ ಒದ್ದೆಯೇನೂ ಇರಲಿಲ್ಲ.

"ಗೊತ್ತಾಗ್ಲಿಲ್ಲ ಕಣೆ" ಎಂದಳು. "ಹೇಳ್ಕೊಟ್ಟಿದ್ರೆ ಹಾಗೇ ಮಾಡ್ತಿದ್ದೆ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವಳೇ ನನಗೆ ಚಿಕ್ಕಂದಿನಿಂದ ಹೇಳುತ್ತಿದ್ದಳು. ನನ್ನ ಸಿಟ್ಟು ಆಗ ಶಾಂತವೂ ಆಗಲಿಲ್ಲ. ಮೂರು ವಾರ ಮಾತು ಬಿಟ್ಟೆ. ಆಮೇಲೆ ಮಾತು ಬಂತು, ಹಾಲು ಬಂತಾ, ಗ್ಯಾಸ್ ಬುಕ್ ಮಾಡಿದೆಯಾ ಎನ್ನುವಷ್ಟು. ಬಂದೂಕಿನ ಮಾತು ಮಾತ್ರ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ರೇಂಜಿನಿಂದ ಬಂದರೆ ತಟ್ಟೆ ಹಾಕುತ್ತಿದ್ದಳು, ಎಲ್ಲ ಗುಂಡು ಮಣ್ಣುಗುಡ್ಡಕ್ಕೇ ಹೋಯಿತಾ ಎಂದು ಕೇಳುತ್ತಿರಲಿಲ್ಲ. ಮುಂದಿನ ಆಯುಧ ಪೂಜೆಯಲ್ಲಿ ಈಳಿಗೆಮಣೆಗೂ ಹೊಲಿಗೆ ಮಿಷನ್ನಿಗೂ ಕುಂಕುಮ ಇಟ್ಟಳು, ನನ್ನ ಕೋಣೆಯ ಕಡೆ ಬರಲಿಲ್ಲ. ಅದರ ಮುಂದಿನ ದಸರಾಕ್ಕೆ ಅವಳಿರಲಿಲ್ಲ. ಮೂರು ದಿನದ ಜ್ವರ, ಆಸ್ಪತ್ರೆಗೆ ಸೇರಿಸಿದ ಮೇಲೆ ಒಂದು ದಿನ. ಅಷ್ಟರಲ್ಲಿ ಮುಗಿದುಹೋಯಿತು. ನಾನು ಕ್ಷಮಿಸು ಅಂತ ಒಂದು ಮಾತು ಹೇಳಲಿಲ್ಲ. ಸಮಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ವರ್ಷಕ್ಕಿಂತ ಹೆಚ್ಚೇ ಇತ್ತು.

ಆ ಜಗಳವಾದ ವಾರವೇ ಹದಿನೇಳನ್ನು ಉಪ್ಪಾರಪೇಟೆಯ ಮೇಸ್ತ್ರಿಯ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಲಾಡ್ಜುಗಳ ಹಿಂದಿನ ಗಲ್ಲಿಯಲ್ಲಿ ಅವರ ಬಂದೂಕು ರಿಪೇರಿ ಅಂಗಡಿ. ಎಂಬತ್ತರ ಹತ್ತಿರದ ವಯಸ್ಸು, ಒಂದು ಕಣ್ಣಿಗೆ ಪೊರೆ, ಇನ್ನೊಂದು ಕಣ್ಣಿನಲ್ಲಿ ನಳಿಗೆಯೊಳಗೆ ನೋಡಿದರೆ ಅದರ ಜಾತಕ ಹೇಳಿಬಿಡುತ್ತಿದ್ದರು. ಬೆಳಕಿಗೆ ಹಿಡಿದು ನೋಡಿ, ಮೂಸಿ, ನನ್ನ ಮುಖ ನೋಡಿದರು. ಹುಳಿ ಬಿದ್ದಿದೆ ಟೀಚರಮ್ಮ, ನಳಿಗೆ ಸತ್ತುಹೋಗಿದೆ ಎಂದರು. ಎಷ್ಟು ಉಜ್ಜಿದರೂ ತುಕ್ಕು ಹೋಗುತ್ತದೆಯೇ ಹೊರತು ಅದು ತಿಂದ ಗುಳಿ ಹೋಗುವುದಿಲ್ಲ, ಬೇರೆ ನಳಿಗೆ ಈಗ ಸಿಗುವುದೂ ಇಲ್ಲ ಎಂದರು. ಯಾರು ಮಾಡಿದ್ದು ಎಂದು ಕೇಳಿದರು. ಅಮ್ಮ ಪೂಜೆ ಮಾಡಿದಳು ಎಂದೆ. ಅವರು ನಗಲಿಲ್ಲ. ನನ್ನ ತಾಯಿ ನನ್ನ ಔಜಾರುಗಳನ್ನು, ಈ ಅರ ಸುತ್ತಿಗೆಗಳನ್ನು, ಮುಟ್ಟಿಯೂ ನೋಡಲಿಲ್ಲ ಎಂದಷ್ಟೇ ಹೇಳಿ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟರು. ಆ ಮಾತು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಗುರಿ ಅಭ್ಯಾಸಕ್ಕೆಂದು ಅದೇ ವರ್ಷ ಅವರ ಮೂಲಕವೇ ಎರಡನೆಯದನ್ನು ಕೊಂಡೆ. ಅದೇ ತಳಿ, ಅದೇ ಕಾಲದ್ದು, ನಳಿಗೆ ಮಾತ್ರ ಮುತ್ತಿನಂಥದ್ದು. ಅಮ್ಮ ಹೋದ ಮೇಲಿನ ನನ್ನ ಭಾನುವಾರಗಳೆಲ್ಲ ಅದರ ಜೊತೆ ಕಳೆದವು. ಮೂರನೆಯದು ಮೇಸ್ತ್ರಿ ತಾವೇ ಇಟ್ಟುಕೊಂಡಿದ್ದ ಮಸ್ಕೆಟ್. ಸೈನ್ಯದ ರೈಫಲ್ಲಿನ ಒಳಗಿನ ಗೀರುಗಳನ್ನೆಲ್ಲ ಕೊರೆದು ಬೋಳು ಮಾಡಿ, ತೋಟಾ ತುಂಬುವ ಗೂಡಿಗೆ ಮರದ ತುಂಡು ಬಡಿದು, ಒಂದು ಸಲಕ್ಕೆ ಒಂದೇ ಹಾರುವಂತೆ ಮಾಡಿ ಪೊಲೀಸರಿಗೆ ಕೊಟ್ಟಿದ್ದ ಬಂದೂಕು. ಅಂಗಡಿ ಮುಚ್ಚುವ ವರ್ಷ ಅದನ್ನು ಕಾಗದಪತ್ರ ಸಮೇತ ನನ್ನ ಹೆಸರಿಗೆ ಮಾಡಿಕೊಟ್ಟರು. ಮಾರಬೇಡಿ, ನಿಮ್ಮ ಹತ್ತಿರ ಇದ್ದರೆ ಎಣ್ಣೆ ಕಾಣುತ್ತದೆ ಎಂದರು. ಮಾರುವುದಿಲ್ಲ ಎಂದು ಮಾತು ಕೊಟ್ಟೆ. ಆ ಚಳಿಗಾಲ ಅವರು ತೀರಿಕೊಂಡರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಇದು ನನ್ನ ಮೂರರ ಲೆಕ್ಕ. ಒಂದರಲ್ಲಿ ನನ್ನ ಗುರಿ, ಒಂದರಲ್ಲಿ ಕೊಟ್ಟ ಮಾತು, ಇನ್ನೊಂದರಲ್ಲಿ ತುಕ್ಕು. ಯಾರನ್ನು ಕೇಳಿದರೂ ತುಕ್ಕಿನದನ್ನೇ ಕೊಡು ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಅದನ್ನು ಕೊಟ್ಟುಬಿಟ್ಟರೆ ಬೀರು ತೆರೆದಾಗಲೆಲ್ಲ ಎದೆಗೆ ಚುಚ್ಚುವುದು ತಪ್ಪುತ್ತದೆ ಎಂಬ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅಮ್ಮ ಹೋದಂದಿನಿಂದ ನಾನದನ್ನು ತೆಗೆದು ನೋಡಿರಲಿಲ್ಲ. ವರ್ಷಕ್ಕೆ ಎರಡು ಸಲ ಕಣ್ಣು ಬೇರೆ ಕಡೆ ತಿರುಗಿಸಿ ಎಣ್ಣೆ ಸವರಿ ಒಳಗಿಡುತ್ತಿದ್ದೆ, ಅಷ್ಟೆ.

ಕೊಡುವ ಮೊದಲು ಒಂದು ಸಲ ಹಾರಿಸೋಣ ಎನ್ನಿಸಿತು. ರೇಂಜಿಗೆ ತೆಗೆದುಕೊಂಡು ಹೋದೆ. ಅಲ್ಲಿ ಈಗ ಉಸ್ತುವಾರಿ ನೋಡಿಕೊಳ್ಳುವವಳು ನನ್ನ ಹಳೇ ವಿದ್ಯಾರ್ಥಿನಿ. ಏಳನೇ ತರಗತಿಯಲ್ಲಿ ಭಿನ್ನರಾಶಿ ಬಾರದೆ ನನ್ನ ಕೈಲಿ ಸಾಕಷ್ಟು ಬೈಸಿಕೊಂಡವಳು. ಈಗ ನನಗೆ ಮಂಡಿ ಹೀಗೆ ಮಡಚಿ, ಮೊಣಕೈ ಹಾಗೆ ಇಡಿ ಎಂದು ಹೇಳುತ್ತಾಳೆ, ಕಾಲ ಹಾಗಿದೆ. ಚಾಪೆಯ ಮೇಲೆ ಬೋರಲು ಮಲಗಿ ಹದಿನೇಳಕ್ಕೆ ಕೆನ್ನೆ ಒರಗಿಸಿದೆ. ಆ ಸವೆದ ಜಾಗ ನನ್ನ ಕೆನ್ನೆಯನ್ನು ಮರೆತಿರಲಿಲ್ಲ. ಹತ್ತು ಗುಂಡು ಹಾರಿಸಿದೆ. ಉಸಿರು ಸರಿಯಿತ್ತು, ಬೆರಳು ಸರಿಯಿತ್ತು. ಗುರಿಹಲಗೆ ನೋಡಿದರೆ ಯಾರೋ ಬಟಾಣಿ ಚೆಲ್ಲಿದ ಹಾಗೆ ಮೂಲೆಮೂಲೆಗೆ ರಂಧ್ರ. ಮೂರು ಗುಂಡು ಕಾಗದಕ್ಕೇ ತಾಗಿರಲಿಲ್ಲ.

ಅವಳು ಹಲಗೆ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದಳು: "ಮಿಸ್, ಇದನ್ನ ಸ್ಟೇಷನ್‌ಗೆ ಕೊಟ್ರೆ ಏನ್ಮಾಡ್ತಾರೆ ಗೊತ್ತಲ್ವಾ?"

ಗೊತ್ತಿತ್ತು. ಯಾರೂ ಕೊಳ್ಳದ, ಯಾವ ಕ್ಲಬ್ಬಿಗೂ ಬೇಡದ ಬಂದೂಕುಗಳನ್ನು ಕೆಲಕಾಲ ಇಟ್ಟುಕೊಂಡು ಆಮೇಲೆ ಕತ್ತರಿಸಿ ಕುಲುಮೆಗೆ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಇನ್ನೇನು ತಾನೇ ಮಾಡಿಯಾರು? ಆದರೆ ಅದುವರೆಗೆ ಕೊಡುವುದು ಎಂದಷ್ಟೇ ಯೋಚಿಸಿದ್ದೆ, ಕೊಟ್ಟ ಮೇಲಿನದು ಕಣ್ಣಿಗೆ ಕಟ್ಟಿರಲಿಲ್ಲ. ಈಗ ಕಟ್ಟಿತು. ಆ ನುಣುಪು ಮರ, ನಾಲ್ಕು ಗೀರು, ಅಮ್ಮ ಬೆವರಿಳಿಸಿ ತಿಕ್ಕಿದ ಹಿತ್ತಾಳೆ ತಟ್ಟೆ. ಎಪ್ಪತ್ತಾರರ ಹೆಂಗಸು ಬಚ್ಚಲ ಕಟ್ಟೆಯ ಮೇಲೆ ಕೂತು ತನಗೆ ಹೇಸಿಗೆಯೆನಿಸುವ ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ್ದಳು. ಅದು ನಾಲ್ಕು ಕಿಲೋ ಭಾರ. ಅದನ್ನು ಎತ್ತಿ ನೀರು ಬಸಿಯಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಇಪ್ಪತ್ತು ವರ್ಷದ ಮಡಿಯನ್ನು ಅವಳು ಬಿಟ್ಟದ್ದು ನಾನು ಸುಮ್ಮನೆ ಗೊಣಗಿದ ಒಂದು ಮಾತಿಗೆ.

ಒಳ್ಳೆಯದನ್ನು ಕೊಟ್ಟರೆ ಯಾರಾದರೂ ಬಾಳಿಸುತ್ತಾರೆ, ಕೆಟ್ಟದ್ದನ್ನು ನಾನಲ್ಲದೆ ಯಾರೂ ಇಟ್ಟುಕೊಳ್ಳುವುದಿಲ್ಲ. ಲೆಕ್ಕ ಇಷ್ಟೇ ಇತ್ತು. ಚಾಪೆಯ ಮೇಲಿಂದ ಏಳುವುದರೊಳಗೆ ಬಿಡಿಸಿಯಾಗಿತ್ತು.

ನನ್ನ ಗುರಿಯ ರೈಫಲ್ ನಿಮ್ಮ ಕ್ಲಬ್ಬಿಗೆ ಬೇಕೇ ಎಂದು ಅವಳನ್ನು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ನೀವು ಏನು ಹಾರಿಸುತ್ತೀರಿ ಮಿಸ್ ಎಂದಳು. ಏನೂ ಇಲ್ಲ ಎಂದೆ. ಕ್ಲಬ್ಬಿನಲ್ಲಿದ್ದರೆ ನೀವು ಬಂದಾಗ ಹಾರಿಸಬಹುದಲ್ಲ ಎಂದು ಸಮಾಧಾನ ಹೇಳಿದಳು. ಹೌದು ಎಂದೆ. ಆದರೆ ಇನ್ನೊಬ್ಬರ ಕೆನ್ನೆಗೆ ಒಗ್ಗಿಕೊಳ್ಳುತ್ತಿರುವ ಬಂದೂಕನ್ನು ಹೋಗಿ ಮುಟ್ಟಿಮುಟ್ಟಿ ನೋಡುವುದು ನನ್ನ ಜಾಯಮಾನವಲ್ಲ. ಅರ್ಜಿ, ಠಾಣೆಯ ಒಪ್ಪಿಗೆ, ಕ್ಲಬ್ಬಿನ ಪತ್ರ ಎಂದು ಓಡಾಡಿ, ಕೊನೆಗೆ ಒಂದು ಬುಧವಾರ ಹಸ್ತಾಂತರ ಮುಗಿಯಿತು. ರೈಟರ್ ನನ್ನ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವ ಮೊದಲು ಎರಡು ಸಲ ಕೇಳಿದ. "ಮೇಡಂ, ನಂಬರ್ ಅದಲು ಬದಲು ಆಗಿಲ್ಲ ತಾನೇ? ಚೆನ್ನಾಗಿರೋದನ್ನೇ ಕೊಡ್ತಿದೀರಲ್ಲ." ಸರಿಯಾಗಿದೆ, ಗೆರೆ ಎಳೀಪ್ಪ ಎಂದೆ.

ಈಗ ನನ್ನ ಭಾನುವಾರಗಳು ಖಾಲಿ. ಬೆಳಿಗ್ಗೆ ಆರಕ್ಕೇ ಎಚ್ಚರವಾಗುತ್ತದೆ, ಎದ್ದು ಹೋಗಲು ಎಲ್ಲೂ ಇಲ್ಲ. ಪಾರ್ಕಿಗೆ ಹೋದರೆ ನನ್ನ ವಯಸ್ಸಿನ ಹೆಂಗಸರು ಮೊಮ್ಮಕ್ಕಳ ಫೋಟೋ ತೋರಿಸುತ್ತಾರೆ. ನೋಡುತ್ತೇನೆ, ಚೆನ್ನಾಗಿವೆ. ನೀವೇನು ಮಾಡ್ತೀರಿ ಹೊತ್ತು ಹೋಗೋಕೆ ಎಂದು ಕೇಳಿದರೆ ತಂಬೂರಿ ಇದೆ ಎನ್ನುತ್ತೇನೆ. ಹತ್ತರಲ್ಲಿ ಎಷ್ಟು ಎಂದು ಹೇಳಲು ಮನೆಯಲ್ಲಿ ಜನವಿಲ್ಲದೆ ಎಷ್ಟೋ ವರ್ಷವಾಗಿತ್ತು, ಈಗ ಹೇಳಲು ಹತ್ತೂ ಇಲ್ಲ. ಬೇಜಾರು ಆಗುವುದಿಲ್ಲವೇ ಎಂದರೆ ಆಗುತ್ತದೆ. ಕೆಲವು ಮಧ್ಯಾಹ್ನ ಒಂದೇ ತಟ್ಟೆ ಹಾಕಿಕೊಂಡು ಕೂತಾಗ ಅಳುವೂ ಬರುತ್ತದೆ. ಅತ್ತು, ಮಜ್ಜಿಗೆಯನ್ನ ಉಂಡು, ತಟ್ಟೆ ತೊಳೆದಿಡುತ್ತೇನೆ.

ಹೋದ ಆಯುಧ ಪೂಜೆಯ ದಿನ ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ಸೇವಂತಿಗೆ, ಬಾಳೆಕಂದು, ಒಂದು ಸಣ್ಣ ಬೂದುಗುಂಬಳ ತಂದೆ. ಈಳಿಗೆಮಣೆ, ಹೊಲಿಗೆ ಮಿಷನ್ನು, ಕತ್ತರಿ, ಸುತ್ತಿಗೆ ಎಲ್ಲ ಅಮ್ಮನ ಕ್ರಮದಲ್ಲೇ ಸಾಲಾಗಿ ಇಟ್ಟೆ. ಮಸ್ಕೆಟ್ಟಿಗೆ ಎಣ್ಣೆ ಹಾಕಿ ಒರಗಿಸಿದೆ. ಆಮೇಲೆ ನಡುಮನೆಯಲ್ಲಿ ಹಳೇ ಚಾಪೆ ಹಾಸಿ, ಹದಿನೇಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದರ ಬಾಯಿ ಅಡುಗೆಮನೆಯ ಕಡೆ ತಿರುಗದ ಹಾಗೆ ನೋಡಿಕೊಂಡೆ. ಪಕ್ಕದಲ್ಲಿ ಎಣ್ಣೆಯ ಸಣ್ಣ ಬಾಟಲಿ, ನಳಿಗೆಯೊಳಗೆ ಎಳೆಯುವ ಹಗ್ಗ, ಅಮ್ಮನ ಹಳೇ ಹತ್ತಿ ಸೀರೆಯಿಂದ ಹರಿದ ಚಿಂದಿಗಳು. ಒರೆಸಲು ಹತ್ತಿ ಸೀರೆಯಷ್ಟು ಒಳ್ಳೆಯ ಬಟ್ಟೆ ಇನ್ನೊಂದಿಲ್ಲ. ಅದನ್ನೂ ನಾನು ಅವಳಿಗೆ ಹೇಳಿರಲಿಲ್ಲ.

ಬಾಯಿ ತಾನಾಗಿ ತೆರೆಯಿತು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಬಾಗಿಲ ಬಳಿ, ಅವಳು ಹುರುಳಿಕಾಯಿ ಬಿಡಿಸುತ್ತಿದ್ದ ಜಾಗದ ಕಡೆ ಮುಖ ಮಾಡಿ, ತರಗತಿಯಲ್ಲಿ ಹೇಳುವಷ್ಟೇ ಜೋರಾಗಿ ಹೇಳಿದೆ.

"ನೋಡಮ್ಮ, ಮೊದ್ಲು ಬೋಲ್ಟ್ ತೆಗೀಬೇಕು. ಇದನ್ನ ಹೀಗೆ ಎತ್ತಿ ಹಿಂದಕ್ಕೆ ಎಳಿ, ಬರುತ್ತೆ. ಒಳಗೆ ತೋಟಾ ಇಲ್ಲ ಅಂತ ಬೆರಳು ಹಾಕಿ ನೋಡ್ಕೋ. ಈಗ ಹಗ್ಗದ ತುದೀಗೆ ಚಿಂದಿ ಸಿಗ್ಸು. ಹಿಂದಿನಿಂದ ಬಿಟ್ಟು ಮುಂದಿನಿಂದ ಎಳಿ, ಒಂದೇ ಸಲ, ಮಧ್ಯ ನಿಲ್ಸಬೇಡ. ನೀರು ಬೇಡ. ಹುಣಸೆಹಣ್ಣು ಹಿತ್ತಾಳೆ ತಟ್ಟೆಗೆ ಮಾತ್ರ, ತಿಕ್ಕಿ ತಕ್ಷಣ ಒಣಬಟ್ಟೇಲಿ ಒರ್ಸು. ಕುಂಕುಮ ಕಬ್ಬಿಣಕ್ಕೆ ಇಡ್ಬೇಡ, ಮರಕ್ಕೆ ಇಡು. ಮರಕ್ಕೆ ಏನೂ ಆಗಲ್ಲ."

ಮರಕ್ಕೆ, ಕೆನ್ನೆ ಒರಗುವ ಜಾಗದಿಂದ ಸ್ವಲ್ಪ ಕೆಳಗೆ, ಕುಂಕುಮ ಇಟ್ಟೆ. ಸೇವಂತಿಗೆಯನ್ನು ಭುಜದ ಪಟ್ಟಿಗೆ ಸಿಕ್ಕಿಸಿದೆ. ಗೊತ್ತಾಯಿತಾ ಎಂದು ಕೇಳಿದೆ. ಮೂವತ್ತೈದು ವರ್ಷ ಊರವರ ಮಕ್ಕಳಿಗೆ ಪ್ರತಿ ಲೆಕ್ಕದ ಕೊನೆಗೆ ಕೇಳುತ್ತಿದ್ದ ಮಾತು ಅದು. ಗೊತ್ತಾಗದಿದ್ದರೆ ಇನ್ನೊಂದು ಸಲ ಹೇಳಿಕೊಡುತ್ತಿದ್ದೆ. ಅಮ್ಮನನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು.